ಪರಿಹಾರದ ತೀರ್ಪು: ಹೈಕೋರ್ಟಿನ ಬಾಗಿಲು ಎಷ್ಟು ತೆರೆದಿದೆ?



ಮರಗಸಿಯ ವೇಳೆ ಕೊಂಬೆಯಿಂದ ಜಾರಿದವರು, ಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಪ್ರಾಣ ಬಿಟ್ಟವರು, ಬೋರ್ಡೋ ದ್ರಾವಣ ಹೊಡೆಯಲು ಅಡಿಕೆ ಮರ ಏರಿ ಬಿದ್ದವರು. ಇಂಥ ಸುದ್ದಿಯಿಲ್ಲದ ಹಂಗಾಮು ನಮ್ಮ ಮಲೆನಾಡಿನಲ್ಲಿ ಅಪರೂಪ. ಪರಿಹಾರದ ಅರ್ಜಿ ಆಯುಕ್ತರ ಮುಂದೆ ಹೋಗಿ ತೀರ್ಪಾದ ಮೇಲೆ ನಮ್ಮ ಕಚೇರಿಗೆ ಬರುವ ಸದಸ್ಯರು ಕೇಳುವುದು ಸಾಮಾನ್ಯವಾಗಿ ಒಂದೇ ಮಾತು: "ಹೈಕೋರ್ಟಿಗೆ ಹೋದರೆ ಆಗದೇ?"

ಹೋಗಬಹುದು. ಆದರೆ ಅಲ್ಲಿ ಏನನ್ನು ಕೇಳಬಹುದು, ಏನನ್ನು ಕೇಳಬಾರದು ಎಂಬುದನ್ನು ತಿಳಿದು ಹೊರಡುವುದು ಲೇಸು.

1923ರ ಪರಿಹಾರ ಕಾಯಿದೆಯ 30ನೆಯ ಕಲಮು ಈ ಮೇಲ್ಮನವಿಗೆ ಅವಕಾಶ ಕೊಟ್ಟಿತ್ತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಸ್ಥಾನಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಆಯುಕ್ತರನ್ನು ಅದು ಸಕ್ಷಮ ಪ್ರಾಧಿಕಾರಿ ಎಂದು ಕರೆಯುತ್ತದೆ. ಮೇಲ್ಮನವಿಯ ಚೌಕಟ್ಟು ಮಾತ್ರ ಬಹುಮಟ್ಟಿಗೆ ಹಿಂದಿನಂತೆಯೇ ಇದೆ. ಮೇಲ್ಮನವಿ 60 ದಿನಗಳೊಳಗೆ ಹೈಕೋರ್ಟಿಗೆ ಸಲ್ಲಬೇಕು. ವಿವಾದದ ಮೊತ್ತ 10,000 ರೂಪಾಯಿಗೆ ಕಡಿಮೆ ಇರಬಾರದು. 2017ರ ತಿದ್ದುಪಡಿಗೆ ಮುಂಚೆ ಇದು ಬರೀ 300 ರೂಪಾಯಿ ಇತ್ತು. ಮಾಲೀಕರು ಹೋಗುವುದಾದರೆ ತೀರ್ಪಿನ ಹಣವನ್ನು ಮೊದಲು ಠೇವಣಿ ಇಟ್ಟು, ಅದರ ಪ್ರಮಾಣಪತ್ರವನ್ನು ಮನವಿಗೆ ಲಗತ್ತಿಸಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಮನವಿಯಲ್ಲಿ ಮಹತ್ವದ ಕಾನೂನು ಪ್ರಶ್ನೆಯೊಂದು ಇರಲೇಬೇಕು.

ಅನೇಕರು ಎಡವುವುದು ಇಲ್ಲಿಯೇ. ಅಪಘಾತ ನಡೆಯಿತೇ, ಕೆಲಸದ ವೇಳೆಯಲ್ಲಿಯೇ ನಡೆಯಿತೇ, ಗಾಯಗೊಂಡವನು ನಮ್ಮ ಆಳೇ, ವಯಸ್ಸೆಷ್ಟು, ಕೂಲಿಯೆಷ್ಟು, ಊನ ಶೇಕಡ ಎಷ್ಟು, ಅವಲಂಬಿತರು ಯಾರು? ಇವೆಲ್ಲ ಸಂಗತಿಯ ಪ್ರಶ್ನೆಗಳು, ಇವುಗಳ ತೀರ್ಮಾನ ಸಾಮಾನ್ಯವಾಗಿ ಕೆಳಗೇ ಮುಗಿಯುತ್ತದೆ. ನಮ್ಮ ರಾಜ್ಯದ ಸಾರಿಗೆ ನಿಗಮವೊಂದರ ಮೊಕದ್ದಮೆಯಲ್ಲಿ 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಬಿಡಿಬಿಡಿಯಾಗಿ ಹೇಳಿದೆ. ಅದಕ್ಕೂ ಮುಂಚೆ, 2016ರ ನವೆಂಬರಿನಲ್ಲಿ, ಕರ್ನಾಟಕದಿಂದಲೇ ಹೋದ ಇನ್ನೊಂದು ಮೊಕದ್ದಮೆ ಇತ್ತು. ಆಯುಕ್ತರು ನಿಗದಿ ಮಾಡಿದ ಊನದ ಪ್ರಮಾಣವನ್ನು ಹೈಕೋರ್ಟು ಸಾಕ್ಷ್ಯವನ್ನು ಮರುತೂಗಿ ಬದಲಿಸಿತ್ತು. ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಸಂಗತಿಗಳ ಮಟ್ಟಿಗೆ ಆಯುಕ್ತರೇ ಕೊನೆಯ ಅಧಿಕಾರಿ ಎಂದು ತೀರ್ಮಾನಿಸಿತು.

ಹಾಗೆಂದ ಮಾತ್ರಕ್ಕೆ ಆಯುಕ್ತರು ಬರೆದದ್ದೆಲ್ಲ ಶಿಲಾಶಾಸನವಲ್ಲ. ಸಾಕ್ಷ್ಯವೇ ಇಲ್ಲದೆ ಕೊಟ್ಟ ತೀರ್ಪು, ದಾಖಲೆಗೆ ತೀರ ವಿರುದ್ಧವಾದ ತೀರ್ಪು, ವಯಸ್ಸಿಗೆ ತಕ್ಕ ಗುಣಕವನ್ನು ಬಿಟ್ಟು ಬೇರೆ ಗುಣಕ ಹಿಡಿದದ್ದು, ಕಾನೂನಿನ ಪ್ರಕಾರ ಸಲ್ಲತಕ್ಕ ಬಡ್ಡಿಯನ್ನು ನಿರಾಕರಿಸಿದ್ದು ಮುಂತಾದುವನ್ನು ಹೈಕೋರ್ಟು ಪರಿಶೀಲಿಸಬಲ್ಲದು. ಈ ದಾರಿ ಮಾಲೀಕರಿಗೆ ಇರುವಂತೆ ಕಾರ್ಮಿಕರಿಗೂ ಇದೆ. ಸಂವಿಧಾನದ 226 ಮತ್ತು 227ನೆಯ ಅನುಚ್ಛೇದಗಳ ರಿಟ್ ಅಧಿಕಾರವೂ ಹೈಕೋರ್ಟಿಗುಂಟು; ಆದರೆ ಮೇಲ್ಮನವಿಯ ದಾರಿ ಇರುವಾಗ ಅದನ್ನು ಸಾಮಾನ್ಯವಾಗಿ ಬಳಸುವುದಿಲ್ಲ. ಅದರಿಂದಾಚೆಗೆ ಉಳಿಯುವುದು 136ನೆಯ ಅನುಚ್ಛೇದದಂತೆ ಸರ್ವೋಚ್ಚ ನ್ಯಾಯಾಲಯದ ವಿಶೇಷ ಅನುಮತಿ. ಅದು ಹಕ್ಕಲ್ಲ, ನ್ಯಾಯಾಲಯದ ವಿವೇಚನೆ.

ಇನ್ನು ಕಾಲಹರಣದ ಲೆಕ್ಕ. ಪರಿಹಾರ ಸಲ್ಲಬೇಕಾದದ್ದು ತೀರ್ಪಿನ ದಿನದಿಂದಲ್ಲ, ಅಪಘಾತದ ದಿನದಿಂದ ಎಂದು 1975ರಲ್ಲಿಯೇ ತೀರ್ಮಾನವಾಗಿದೆ. ಎಡಗೈ ಕಳೆದುಕೊಂಡ ಬಡಗಿಯೊಬ್ಬನ ಮೊಕದ್ದಮೆ ಅದು. ಒಂದೇ ಕೈಯಲ್ಲಿ ಬಡಗಿತನ ಸಾಗದು, ಆದ್ದರಿಂದ ದುಡಿಮೆಯ ಶಕ್ತಿ ಪೂರ್ತಿ ಹೋದಂತೆಯೇ ಎಂದು ಸರ್ವೋಚ್ಚ ನ್ಯಾಯಾಲಯ ಅಂದು ಹೇಳಿತು. 1923ರ ಕಾಯಿದೆಯಡಿ ತಡವಾದ ಹಣಕ್ಕೆ ಬಡ್ಡಿ ವರ್ಷಕ್ಕೆ ಶೇಕಡ 12. ಪರಿಹಾರ 6 ಲಕ್ಷ ರೂಪಾಯಿ ಎಂದಿಟ್ಟುಕೊಂಡರೆ, 3 ವರ್ಷದ ಬಡ್ಡಿಯೇ 2,16,000 ರೂಪಾಯಿ. ಸಕಾರಣವಿಲ್ಲದೆ ತಡ ಮಾಡಿದರೆ ಪರಿಹಾರದ ಅರ್ಧದವರೆಗೆ ದಂಡ ಬೇರೆ. ವಿಮೆ ಇದ್ದರೂ ದಂಡ ಮಾಲೀಕರ ತಲೆಗೇ ಎಂದು ವಾಹನ ವಿಮೆಯ ಮೊಕದ್ದಮೆಯೊಂದರಲ್ಲಿ 1997ರಲ್ಲಿ ತೀರ್ಪಾಗಿದೆ. ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೆ. ಹೇಳಬೇಕಾದ ಸಂಗತಿಯನ್ನೆಲ್ಲ ಆಯುಕ್ತರ ಮುಂದೆಯೇ ಹೇಳಿರಿ. ಅಲ್ಲಿ ಗೈರುಹಾಜರಾಗಿ ಬೆಂಗಳೂರಿನಲ್ಲಿ ಹೇಳಿಕೊಳ್ಳುತ್ತೇವೆಂದರೆ ಕೇಳುವವರಿಲ್ಲ. ಹಾಜರಿ ಪುಸ್ತಕ, ಕೂಲಿ ಬಟವಾಡೆಯ ಪುಸ್ತಕ, ವಯಸ್ಸಿನ ದಾಖಲೆ, ವೈದ್ಯರ ಪತ್ರ, ವಿಮಾ ಪಾಲಿಸಿ ಇವನ್ನು ಹಾಜರುಪಡಿಸಿರಿ. ಒಂದು ದಿನದ ಆಳೆಂದು ಹೆಸರು ಬರೆಯದೆ ಬಿಡಬೇಡಿರಿ. ಸಾವು ಸಂಭವಿಸಿದಾಗ ಪರಿಹಾರವನ್ನು ಮನೆಯವರ ಕೈಗಿತ್ತು ರಸೀದಿ ಪಡೆದರೆ ಸಾಲದು, ಕಾನೂನಿನಂತೆ ಠೇವಣಿ ಇಡಬೇಕು. ತೀರ್ಪು ಬಂದ ಮೇಲೆ ವಕೀಲರಲ್ಲಿ "ಗೆಲ್ಲುತ್ತೇವೆಯೇ?" ಎಂದು ಕೇಳುವ ಮೊದಲು "ಇದರಲ್ಲಿ ಕಾನೂನು ಪ್ರಶ್ನೆ ಯಾವುದು?" ಎಂದು ಕೇಳಿರಿ. ಒಂದೇ ವಾಕ್ಯದಲ್ಲಿ ಉತ್ತರ ಬಾರದಿದ್ದರೆ ಹಣ ಸಲ್ಲಿಸಿಬಿಡುವುದೇ ಒಳಿತು.

ಮೇಲ್ಮನವಿಯ ಫೈಲು ನಮ್ಮ ಕಪಾಟಿನಲ್ಲಿ ವರ್ಷಗಟ್ಟಲೆ ಕೂತಿರಬಲ್ಲದು. ಬಿದ್ದವನ ಮನೆಯ ಒಲೆ ಅಷ್ಟು ದಿನ ಕಾಯಲಾರದು.