ಒಂದು ಸರ್ಕ್ಯೂಟ್‌ನಲ್ಲಿ ಎಷ್ಟು ಪ್ಲಗ್ ಪಾಯಿಂಟ್‌ಗಳು?

ಮನೆಗೆ ವೈರಿಂಗ್ ಮಾಡಿಸುವಾಗ ಪ್ಲಗ್ ಪಾಯಿಂಟ್‌ಗಳು ಎಲ್ಲೆಲ್ಲಿ ಇರಬೇಕೆಂದು ಎಲ್ಲರೂ ಯೋಚಿಸುತ್ತಾರೆ. ಅವುಗಳಲ್ಲಿ ಎಷ್ಟು ಒಂದೇ ಸರ್ಕ್ಯೂಟ್‌ಗೆ ಸೇರಿವೆ ಎಂದು ವಿಚಾರಿಸುವವರು ವಿರಳ. ಮನೆಯ ಸುರಕ್ಷತೆಯಾದರೋ ಈ ಎರಡನೆಯ ಪ್ರಶ್ನೆಯನ್ನೇ ಬಹುಮಟ್ಟಿಗೆ ಅವಲಂಬಿಸಿದೆ.

ಒಂದು ಎಂ.ಸಿ.ಬಿ. ಅಥವಾ ಫ್ಯೂಸಿನಿಂದ ಹೊರಡುವ ತಂತಿ ಮತ್ತು ಅದರಿಂದ ವಿದ್ಯುತ್ ಪಡೆಯುವ ಎಲ್ಲ ಪಾಯಿಂಟ್‌ಗಳು ಸೇರಿ ಒಂದು ಸರ್ಕ್ಯೂಟ್ ಎನಿಸುತ್ತವೆ. ತಂತಿಯಲ್ಲಿ ಹರಿಯುವ ವಿದ್ಯುತ್ ಇಮ್ಮಡಿಯಾದರೆ ಅದರಲ್ಲಿ ಹುಟ್ಟುವ ಶಾಖವು ನಾಲ್ಕು ಪಟ್ಟಾಗುತ್ತದೆ. ಮಿತಿಮೀರಿದ ಹೊರೆ ಮುಂದುವರಿದಲ್ಲಿ ತಂತಿಯ ಹೊದಿಕೆಯು ಗೋಡೆಯೊಳಗೆ ಕಣ್ಣಿಗೆ ಬೀಳದಂತೆ ಹಾಳಾಗಿ, ಬೆಂಕಿ ಹೊತ್ತಿಕೊಳ್ಳುವ ಸಂಭವವಿದೆ.

ನಮ್ಮ ದೇಶದಲ್ಲಿ ಬಹುಕಾಲದಿಂದ ಅನುಸರಿಸುತ್ತ ಬಂದಿರುವ ಕ್ರಮದಂತೆ, ದೀಪ, ಫ್ಯಾನ್ ಹಾಗೂ ಸಣ್ಣ ಪ್ಲಗ್‌ಗಳ ಸರ್ಕ್ಯೂಟ್‌ನಲ್ಲಿ 10ಕ್ಕಿಂತ ಹೆಚ್ಚು ಪಾಯಿಂಟ್‌ಗಳಾಗಲಿ, 800 ವಾಟ್‌ಗಿಂತ ಹೆಚ್ಚು ಹೊರೆಯಾಗಲಿ ಇರಕೂಡದು. 15 ಅಥವಾ 16 ಆಂಪಿಯರಿನ ಪವರ್ ಪ್ಲಗ್‌ಗಳು ಒಂದು ಸರ್ಕ್ಯೂಟ್‌ಗೆ ಎರಡನ್ನು ಮೀರಕೂಡದು. ಗೀಜರ್ ಮತ್ತು ಹವಾನಿಯಂತ್ರಕಗಳಿಗೆ ಪ್ರತ್ಯೇಕ ಸರ್ಕ್ಯೂಟ್ ಇರುವುದು ಉತ್ತಮ.

ಇದರ ಕಾರಣವನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಉಪಕರಣದ ವಾಟ್ ಪ್ರಮಾಣವನ್ನು 230 ವೋಲ್ಟ್‌ನಿಂದ ಭಾಗಿಸಿದರೆ ಅದು ಸುಮಾರಾಗಿ ಎಷ್ಟು ಆಂಪಿಯರ್ ಸೆಳೆಯುತ್ತದೆಂದು ಗೊತ್ತಾಗುತ್ತದೆ. ದೆಹಲಿಯ ಚಳಿಗಾಲದಲ್ಲಿ 2000 ವಾಟ್‌ನ ಗೀಜರ್ ಮತ್ತು 2000 ವಾಟ್‌ನ ರೂಮ್ ಹೀಟರ್ ಒಂದೇ ಸರ್ಕ್ಯೂಟ್‌ನಲ್ಲಿ ಒಟ್ಟಿಗೆ ನಡೆಯುತ್ತಿವೆ ಎನ್ನೋಣ. ಅವು ಸುಮಾರು 17.4 ಆಂಪಿಯರ್ ಸೆಳೆಯುತ್ತವೆ. 16 ಆಂಪಿಯರಿನ ಮಿತಿಯನ್ನು ಮೀರಲು ಎರಡು ಉಪಕರಣಗಳೇ ಸಾಕಾದವು. ಇದಕ್ಕೆ 1000 ವಾಟ್‌ನ ಇಸ್ತ್ರಿಪೆಟ್ಟಿಗೆ ಸೇರಿದರೆ ಹೊರೆಯು 21.7 ಆಂಪಿಯರಿಗೆ ಏರುತ್ತದೆ. ಆದುದರಿಂದ ಪ್ಲಗ್‌ಗಳ ಸಂಖ್ಯೆಯೊಂದನ್ನೇ ಎಣಿಸದೆ, ಯಾವ ಉಪಕರಣಗಳು ಏಕಕಾಲದಲ್ಲಿ ನಡೆಯುವುವೆಂಬುದನ್ನೂ ಪರಿಗಣಿಸತಕ್ಕದ್ದು.

ಎಂ.ಸಿ.ಬಿ. ಪದೇ ಪದೇ ಬೀಳುತ್ತಿದ್ದರೆ, 16ರ ಬದಲು 32 ಆಂಪಿಯರಿನದನ್ನು ಹಾಕಿಸುವುದು ಅಥವಾ ದಪ್ಪ ಫ್ಯೂಸ್ ತಂತಿ ಕಟ್ಟುವುದು ಪರಿಹಾರವಲ್ಲ. ಅವು ಇರುವುದೇ ಗೋಡೆಯೊಳಗಿನ ತಂತಿಯನ್ನು ಕಾಯಲು. ಕಾವಲನ್ನು ಸಡಿಲಿಸಿದರೆ ತಂತಿಯ ಸಾಮರ್ಥ್ಯ ಹೆಚ್ಚುವುದಿಲ್ಲ. ಹೊರೆಯನ್ನು ಬೇರೆ ಸರ್ಕ್ಯೂಟ್‌ಗಳಿಗೆ ಹಂಚುವುದೇ ಸರಿಯಾದ ಮಾರ್ಗ. ಒಂದೇ ಪ್ಲಗ್‌ಗೆ ಅಡಾಪ್ಟರ್ ಸಿಕ್ಕಿಸಿ ಹಲವು ಉಪಕರಣ ಜೋಡಿಸುವುದರಿಂದಲೂ ಹೊರೆ ಕಡಿಮೆಯಾಗದು.

ವೈರಿಂಗ್ ಆರಂಭಿಸುವ ಮುನ್ನ ಪ್ರತಿ ಕೋಣೆಯ ಉಪಕರಣಗಳನ್ನೂ ಅವುಗಳ ವಾಟ್‌ಗಳನ್ನೂ ಪಟ್ಟಿಮಾಡಿ, ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ಗೆ ಕೊಡಿ. ಕೆಲಸ ಮುಗಿದ ಮೇಲೆ ಯಾವ ಎಂ.ಸಿ.ಬಿ. ಯಾವ ಪ್ಲಗ್‌ಗಳಿಗೆ ಸೇರಿದೆಯೆಂದು ಪೆಟ್ಟಿಗೆಯ ಮೇಲೆ ಬರೆಸಿಡಿ. ಬಾಡಿಗೆ ಮನೆಯಲ್ಲಿರುವವರು ದೊಡ್ಡ ಉಪಕರಣ ಕೊಳ್ಳುವ ಮೊದಲೇ ಈ ಸಂಗತಿಯನ್ನು ಮಾಲೀಕರಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮಕರ.