ಆಟದ ನಾಣ್ಯ, ಊಟದ ನಾಣ್ಯ

ಇವತ್ತಿನ ಸಂಚಿಕೆ ದುಡ್ಡಿನ ಬಗ್ಗೆ. ಬ್ಯಾಂಕಿನ ದುಡ್ಡಲ್ಲ, ಮಕ್ಕಳ ವಿಡಿಯೋ ಗೇಮಿನೊಳಗಿನ ದುಡ್ಡು. "ದಿನಾ ಗೇಮ್ ಆಡ್ತಾನೆ, ಅದರಲ್ಲಿ ಕಾಯಿನ್ ಕೂಡಿಡ್ತಾನೆ. ಇದರಿಂದ ಲೆಕ್ಕಾಚಾರ ಏನಾದ್ರೂ ಬರುತ್ತಾ?" ಇಲ್ಲಿ ಸಿಂಗಪುರದ ಕನ್ನಡ ಮನೆಗಳಲ್ಲಿ ನಮಗೆ ಎದುರಾಗುವ ಪ್ರಶ್ನೆ ಇದು. ಬರುತ್ತೆ. ಆದರೆ ಏನು ಬರುತ್ತೆ ಅನ್ನೋದು ಆ ಕಾಯಿನ್ ಎಲ್ಲಿಂದ ಬಂತು ಅನ್ನೋದರ ಮೇಲೆ ನಿಂತಿದೆ.

ಮೊದಲು ಶಾಲೆಯ ಕ್ಯಾಂಟೀನಿಗೆ ಹೋಗೋಣ. 1969ರಲ್ಲಿ ಇಲ್ಲಿನ ಪಿಒಎಸ್‌ಬಿ ಬ್ಯಾಂಕು ಶಾಲಾ ಮಕ್ಕಳಿಗಾಗಿ ಉಳಿತಾಯದ ಅಭಿಯಾನ ಶುರು ಮಾಡಿತ್ತು. ಆಗ ಮಕ್ಕಳ ದುಡ್ಡು ಅಂದ್ರೆ ಜೇಬಿನಲ್ಲಿ ಝಣ್ ಅನ್ನುವ ನಾಣ್ಯ. 2017ರಲ್ಲಿ ಅದೇ ಬ್ಯಾಂಕು 'ಸ್ಮಾರ್ಟ್ ಬಡ್ಡಿ' ಅನ್ನೋ ಕೈಗಡಿಯಾರ ತಂತು. (ನಮ್ಮ ಅಸಲು-ಬಡ್ಡಿಯ ಬಡ್ಡಿ ಅಲ್ಲ, ಗೆಳೆಯ ಅನ್ನೋ ಅರ್ಥದ್ದು.) ಮಗು ಗಡಿಯಾರ ತಾಗಿಸಿದರೆ ನೂಡಲ್ಸ್ ಬರುತ್ತೆ, ಎಷ್ಟು ಖರ್ಚಾಯ್ತು ಅಂತ ಅಪ್ಪ ಅಮ್ಮನ ಫೋನಿನಲ್ಲಿ ಕಾಣುತ್ತೆ. ಅಂದ್ರೆ ಇಲ್ಲಿನ ಎಷ್ಟೋ ಮಕ್ಕಳಿಗೆ ಊಟದ ದುಡ್ಡೂ ತೆರೆಯ ಮೇಲಿನ ಅಂಕಿ, ಆಟದ ದುಡ್ಡೂ ತೆರೆಯ ಮೇಲಿನ ಅಂಕಿ.

ಇದು ಯಾಕೆ ಮುಖ್ಯ? ದುಡ್ಡು ಕೈಬಿಡುವಾಗ ಒಳಗೆ ಎಲ್ಲೋ ಚುರುಕ್ ಅನ್ನುತ್ತೆ ಅಲ್ವಾ? ಸ್ಟ್ಯಾನ್‌ಫರ್ಡಿನ ಬ್ರಯಾನ್ ನಟ್ಸನ್ ಮತ್ತು ಜೊತೆಗಾರರು 2007ರಲ್ಲಿ ಮಿದುಳಿನ ಸ್ಕ್ಯಾನ್ ಮಾಡಿ ನೋಡಿದರು. ಬೆಲೆ ವಿಪರೀತ ಅನ್ನಿಸಿದಾಗ ಇನ್ಸುಲಾ ಅನ್ನೋ ಭಾಗ ಹೆಚ್ಚು ಚುರುಕಾಗಿತ್ತು. ನೋವು, ಅಸಹ್ಯದಂಥ ಭಾವನೆಗಳಲ್ಲೂ ಪಾತ್ರ ಇರುವ ಭಾಗ ಅದು. 2001ರ ಇನ್ನೊಂದು ಪ್ರಯೋಗದಲ್ಲಿ ಬಾಸ್ಕೆಟ್‌ಬಾಲ್ ಟಿಕೆಟ್ ಹರಾಜು ಹಾಕಿದಾಗ, ನಗದು ಕೊಡಬೇಕಾದವರಿಗಿಂತ ಕಾರ್ಡ್ ಬಳಸುವವರು ಹೆಚ್ಚು ಬೆಲೆ ಕೂಗಿದರು. ದೊಡ್ಡವರ ಕಥೆಯೇ ಹೀಗೆ. ಎಂಟು ವರ್ಷದ ಮಗುವಿಗೆ ಆ 'ಚುರುಕ್' ಎಲ್ಲಿಂದ ಬರಬೇಕು?

ವಿಚಿತ್ರ ಏನಂದ್ರೆ, ಕೆಲವು ಆಟಗಳಿಂದಲೇ ಬರಬಹುದು. 2020ರ ಮಾರ್ಚಿನಲ್ಲಿ ಬಂದ 'ಅನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್' ನೋಡಿ. ಅದರಲ್ಲಿ ಭಾನುವಾರ ಬೆಳಿಗ್ಗೆ ಟರ್ನಿಪ್ ಗೆಡ್ಡೆ ಕೊಳ್ಳಬೇಕು. ಸೋಮವಾರದಿಂದ ಶನಿವಾರದ ತನಕ ಅಂಗಡಿಯ ದರ ದಿನಕ್ಕೆ ಎರಡು ಸಲ ಬದಲಾಗುತ್ತೆ. ಮುಂದಿನ ಭಾನುವಾರದೊಳಗೆ ಮಾರದಿದ್ದರೆ ಗೆಡ್ಡೆ ಕೊಳೆಯುತ್ತೆ. ಕೋಲಾರದ ಟೊಮೆಟೊ ಮಾರುಕಟ್ಟೆ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ! ಇವತ್ತೇ ಮಾರಲೋ, ನಾಳೆ ದರ ಏರುತ್ತೆ ಅಂತ ಕಾಯಲೋ? ಇದ್ದಬದ್ದ ದುಡ್ಡನ್ನೆಲ್ಲ ಗೆಡ್ಡೆಗೇ ಸುರಿದರೆ ಮನೆಯ ಸಾಲ ಕಟ್ಟೋಕೆ ಏನುಳಿಯುತ್ತೆ? ಆ ಆಟದ ಬ್ಯಾಂಕು 2020ರ ಏಪ್ರಿಲ್‌ನಲ್ಲಿ ಬಡ್ಡಿದರ ಇಳಿಸಿಬಿಟ್ಟಾಗ ಆಡುವವರು ಗೊಣಗಿದ್ದು ಪತ್ರಿಕೆಗಳಲ್ಲೂ ಸುದ್ದಿಯಾಯಿತು. 'ಮೈನ್‌ಕ್ರಾಫ್ಟ್'ನಲ್ಲೂ ಅಷ್ಟೇ, ಹಳ್ಳಿಯವರ ಹತ್ತಿರ ಒಂದೇ ಸಾಮಾನನ್ನು ಮತ್ತೆ ಮತ್ತೆ ಕೊಂಡರೆ ಬೆಲೆ ಏರುತ್ತೆ.

ಇದೇನೂ ಹೊಸದಲ್ಲ ಬಿಡಿ. ನಮ್ಮ ಅಳಗುಳಿಮಣೆಯಲ್ಲಿ ಈ ಸುತ್ತು ಕಾಳು ಕಳಕೊಂಡವರು ಮುಂದಿನ ಸುತ್ತಿಗೆ ಕಡಿಮೆ ಗುಳಿ ತುಂಬಿಸಿ ಆಡಬೇಕು. ಅದರದೇ ದಾಯಾದಿ ಆಟ ಇಲ್ಲಿನ ಮಲಯ್ ಮನೆಗಳಲ್ಲೂ ಇದೆ, ಹೆಸರು ಚೊಂಗ್ಕಾಕ್.

ಇಂಥ ಆಟಗಳಲ್ಲಿ ಕಾಯುವುದಕ್ಕೂ ಅಭ್ಯಾಸ ಆಗುತ್ತೆ. ಕಾಯುವ ಗುಣ ಹುಟ್ಟಿನಿಂದಲೇ ಬರೋದು ಅಂತ ತುಂಬಾ ಜನ ನಂಬಿದ್ದಾರೆ. ರೋಚೆಸ್ಟರ್ ವಿಶ್ವವಿದ್ಯಾಲಯದ ಸೆಲೆಸ್ಟ್ ಕಿಡ್ ತಂಡ 28 ಪುಟ್ಟ ಮಕ್ಕಳ ಜೊತೆ ಮಾಡಿದ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಮೊದಲು ಕೆಲವರಿಗೆ 'ಒಳ್ಳೆಯ ಬಣ್ಣ ತಂದುಕೊಡ್ತೀವಿ' ಅಂತ ಹೇಳಿ ತಂದುಕೊಟ್ಟರು, ಉಳಿದವರಿಗೆ ಹೇಳಿ ಕೈಕೊಟ್ಟರು. ಆಮೇಲೆ ಒಂದು ಮಿಠಾಯಿ ಮುಂದಿಟ್ಟು, ತಿನ್ನದೆ ಕಾದರೆ ಎರಡು ಅಂದರು. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದವು, ಮೋಸ ಕಂಡವು 3 ನಿಮಿಷ. ಕಾದರೆ ಸಿಗುತ್ತೆ ಅನ್ನೋ ನಂಬಿಕೆ ಇದ್ದರೆ ತಾನೇ ಕಾಯೋದು? ನಿಯಮ ತಪ್ಪದ ಆಟ ಆ ನಂಬಿಕೆಯನ್ನು ಕೊಡಬಲ್ಲದು ಅಂತ ನಮ್ಮ ಅನಿಸಿಕೆ.

ಇನ್ನು ಇನ್ನೊಂದು ಬಗೆಯ ಕಾಯಿನ್, ಡಾಲರ್ ಕೊಟ್ಟು ಕೊಳ್ಳುವಂಥದ್ದು. ನಮ್ಮೂರ ಹುಡುಗರೆಲ್ಲ ಆಡುತ್ತಿದ್ದ, 2022ರಲ್ಲಿ ಭಾರತ ನಿಷೇಧಿಸಿದ 'ಫ್ರೀ ಫೈರ್' ಇದೆಯಲ್ಲ, ಅದರ ಕಂಪನಿ ಗರೀನಾ ಇದೇ ಸಿಂಗಪುರದ್ದು. ಅದರಲ್ಲಿ ವಜ್ರ, 'ರೋಬ್ಲಾಕ್ಸ್'ನಲ್ಲಿ ರೋಬಕ್ಸ್. ಒಂದು ಟೋಪಿಗೆ 350 ಕಾಯಿನ್ ಅಂತಿಟ್ಟುಕೊಳ್ಳಿ, ಕಾಯಿನ್ ಮಾರೋದು 300ರ ಇಲ್ಲವೇ 500ರ ಕಟ್ಟಿನಲ್ಲಿ. 500 ಕೊಂಡರೆ 150 ಮಿಕ್ಕುತ್ತೆ. ಮಿಕ್ಕಿದ್ದು ಸುಮ್ಮನಿರೋಕೆ ಬಿಡಲ್ಲ, ಇನ್ನೊಂದು ಕಟ್ಟು ಕೊಳ್ಳಿಸುತ್ತೆ. ಟೋಪಿಗೆ ಎಷ್ಟು ಡಾಲರ್ ಬಿತ್ತು ಅಂತ ಮಗುವನ್ನ ಕೇಳಿ, ದೊಡ್ಡವರೂ ತಡವರಿಸ್ತಾರೆ.

ಅದಕ್ಕಿಂತ ಕಷ್ಟದ್ದು, ಒಳಗೇನಿದೆ ಅಂತ ಗೊತ್ತಿಲ್ಲದ ಪೆಟ್ಟಿಗೆ. 100ಕ್ಕೆ 1 ಸಲ ಅಪರೂಪದ ವಸ್ತು ಬರುತ್ತೆ ಅಂದ್ರೆ, 100 ಪೆಟ್ಟಿಗೆ ತೆಗೆದರೆ ಖಂಡಿತ ಬರುತ್ತೆ ಅಂತ ಮಗು ನಂಬುತ್ತೆ. ಪ್ರತಿ ಸಲದ ಅದೃಷ್ಟವೂ ಬೇರೆ ಬೇರೆಯಾದರೆ ಬರುವ ಸಾಧ್ಯತೆ ಶೇ. 63 ಮಾತ್ರ. ನೂರೂ ತೆಗೆದು ಬರಿಗೈಯಲ್ಲಿ ಕೂರುವ ಸಾಧ್ಯತೆ ಶೇ. 37. ಹೀಗಿದ್ದೂ ಕೈ ನಿಲ್ಲಲ್ಲ, ಯಾಕೆ? ವೋಲ್ಫ್ರಾಮ್ ಶುಲ್ಟ್ಸ್ ಕೋತಿಗಳಿಗೆ ಹಣ್ಣಿನ ರಸ ಕೊಟ್ಟು ತೋರಿಸಿದ ಹಾಗೆ, ಡೋಪಮೈನ್ ನರಕೋಶಗಳು ಜೋರಾಗಿ ಮಿಡಿಯೋದು ನಿರೀಕ್ಷಿಸಿದ ರಸಕ್ಕಲ್ಲ, ನಿರೀಕ್ಷೆ ಮೀರಿ ಬಂದ ರಸಕ್ಕೆ. ಪೆಟ್ಟಿಗೆ ಮಾರೋದು ಆ ಅಚ್ಚರಿಯನ್ನೇ. ಬೆಲ್ಜಿಯಂ 2018ರಲ್ಲೇ ಇಂಥ ಪೆಟ್ಟಿಗೆಗಳನ್ನು ಜೂಜು ಅಂದಿತು.

ಹಾಗಾದ್ರೆ ಟರ್ನಿಪ್ ಮಾರಿದ ಮಗು ಕ್ಯಾಂಟೀನಿನಲ್ಲಿ ಜಾಣತನದಿಂದ ಖರ್ಚು ಮಾಡುತ್ತಾ? ತಾನಾಗಿ ಮಾಡುತ್ತೆ ಅನ್ನೋಕೆ ಬರಲ್ಲ. ಒಂದು ಕಡೆ ಕಲಿತದ್ದು ಸಲೀಸಾಗಿ ಇನ್ನೊಂದು ಕಡೆ ದಾಟಲ್ಲ ಅಂತ 1901ರಲ್ಲೇ ಥಾರ್ನ್‌ಡೈಕ್ ಮತ್ತು ವುಡ್‌ವರ್ತ್ ತೋರಿಸಿದ್ದರು. ನಡುವೆ ಯಾರಾದರೂ ಸೇತುವೆ ಕಟ್ಟಬೇಕು. ಪಕ್ಕದಲ್ಲಿ ಕೂತು "ಯಾಕೆ ಇವತ್ತು ಮಾರಲಿಲ್ಲ?" ಅಂತ ಕೇಳೋದು ಒಂದು ದಾರಿ. ಕೊಳ್ಳುವ ಕಾಯಿನ್ ಆದ್ರೆ, ಒತ್ತುವ ಮುಂಚೆ ಮಗುವೇ ಅದರ ಬೆಲೆಯನ್ನು ಡಾಲರಿನಲ್ಲಿ ಕಾಗದದ ಮೇಲೆ ಬರೆಯಲಿ, ಪಕ್ಕದಲ್ಲಿ ಎಷ್ಟು ದಿನದ ಕ್ಯಾಂಟೀನ್ ಊಟ ಅನ್ನೋದನ್ನೂ. ಕಾರ್ಡಿನ ನಂಬರು ಮಾತ್ರ ಆ ಸಾಧನದಲ್ಲಿ ಉಳಿಸಬೇಡಿ.