ಹಳೆಯ ಸ್ಯಾಕ್ಸೊಫೋನುಗಳ ನಾದಗುಣ: ಆಲ್ಟೊ ಮತ್ತು ಟೆನರ್

ಮೂಗೂರಿನ ತ್ರಿಪುರಸುಂದರಿ ಅಮ್ಮನವರ ಸನ್ನಿಧಿಯಂತಹ ಎಡೆಗಳಲ್ಲಿ ಓಲಗವನ್ನು ಕೇಳಿ ಬೆಳೆದ ಕಿವಿಗೆ ಸ್ಯಾಕ್ಸೊಫೋನು ತೀರ ಪರಕೀಯವೆನಿಸುವುದಿಲ್ಲ. ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟು ಪಡೆದ ಈ ವಾದ್ಯದ ಒಡಲು ನಾಗಸ್ವರದಂತೆಯೇ ಶಂಕುವಿನಾಕಾರದ್ದು. ಆದುದರಿಂದ ಮೇಲಿನ ಊದಿನಲ್ಲಿ ಸ್ವರವು ನೇರವಾಗಿ ತಾರಸ್ಥಾಯಿಗೆ ಏರುತ್ತದೆ. ಬಹುಮಟ್ಟಿಗೆ ಒಂದೇ ಅಗಲದ ಕೊಳವೆಯುಳ್ಳ ಕ್ಲಾರಿಯೊನೆಟ್ಟಿನಲ್ಲಾದರೋ ಅದು ಸ್ಥಾಯಿಯನ್ನೂ ದಾಟಿ ಅದರ ಪಂಚಮಕ್ಕೆ ಹಾರುತ್ತದೆ.

ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮನಸೋತವರು ನಾಗಸ್ವರದ ಮನೆತನದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು (1949–2019). ಅವರು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿಕೊಂಡದ್ದು ಆಲ್ಟೊವನ್ನು. ಪುರುಷಕಂಠಕ್ಕೆ ಹೆಚ್ಚು ಸಮೀಪವಾದ ಟೆನರ್ ಏಕೆ ಅಷ್ಟು ಒಗ್ಗಲಿಲ್ಲ?

ಬೆರಳುಗಳ ವಿನ್ಯಾಸ ಎರಡರಲ್ಲಿಯೂ ಒಂದೇ. ಆದರೆ ಟೆನರಿನ ಅತಿ ಕೆಳಗಿನ ಸ್ವರ ಸೆಕೆಂಡಿಗೆ ಸುಮಾರು 104 ಕಂಪನಗಳದು, ಆಲ್ಟೊವಿನದು 139. ಟೆನರಿನದನ್ನು ಷಡ್ಜವೆಂದರೆ ಆಲ್ಟೊವಿನದು ಶುದ್ಧ ಮಧ್ಯಮ. ಒಂದೇ ಬೆರಳಿಟ್ಟು ಎರಡನ್ನೂ ಹೋಲಿಸುವುದು ವಾಡಿಕೆ. ಅದು ಶ್ರುತಿಭೇದವನ್ನೇ ನಾದಭೇದವೆಂದು ಎಣಿಸಿದಂತೆ. ಒಂದೇ ಸ್ವರವನ್ನು ನುಡಿಸಿ ಕೇಳಬೇಕು. 277 ಕಂಪನಗಳ ಸ್ವರವನ್ನು, ಎಂದರೆ ಹಾರ್ಮೋನಿಯಮ್ಮಿನ ಒಂದು ಕಪ್ಪು ಮನೆಯನ್ನು, ತೆಗೆದುಕೊಳ್ಳೋಣ. ಆಲ್ಟೊವಿನಲ್ಲಿ ಇದು ಕೆಳಗಿನ ಊದಿನಲ್ಲಿಯೇ, ಹೆಚ್ಚಿನ ರಂಧ್ರಗಳು ತೆರೆದಿರುವಾಗ ಬರುತ್ತದೆ. ಟೆನರಿನಲ್ಲಿ ಸ್ಥಾಯಿಯ ಕೀಲಿಯನ್ನೊತ್ತಿ, ಕೊಳವೆಯ ಬಹುಭಾಗವನ್ನು ಮುಚ್ಚಿ, ಮೇಲಿನ ಊದಿನಿಂದ ಪಡೆಯಬೇಕು. ಸ್ವರ ಒಂದೇ, ಹುಟ್ಟು ಬೇರೆ. ಕಿವಿಗೆ ತಿಳಿಯುವ ಭೇದಕ್ಕೆ ಇದೊಂದು ಮುಖ್ಯ ಕಾರಣ.

ಇನ್ನು ಗಮಕದ ವಿಚಾರ. ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾನಿಲಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ನುರಿತ ಟೆನರ್ ವಾದಕರು ಅತ್ಯುಚ್ಚ ಸ್ವರಗಳಿಗಾಗಿ ತಮ್ಮ ಬಾಯಿ, ಗಂಟಲುಗಳ ಅನುರಣನವನ್ನೇ ಹೊಂದಿಸಿಕೊಳ್ಳುವುದು ಕಂಡುಬಂದಿತು. ಇಂತಹ ಹೊಂದಾಣಿಕೆ ಫಲಿಸುವುದು ಎತ್ತರದ ಶ್ರುತಿಗಳಲ್ಲಿ. ಆಲ್ಟೊ ಸಾಮಾನ್ಯ ಬೆರಳಿಗೇ 830 ಕಂಪನಗಳವರೆಗೆ ಏರಿದರೆ, ಟೆನರ್ 622ಕ್ಕೆ ನಿಲ್ಲುತ್ತದೆ. ಸ್ವರವನ್ನು ಜಾರಿಸಿ ಬಳುಕಿಸುವ ಗಾಯಕಿಗೆ ಆಲ್ಟೊ ಹೆಚ್ಚು ಎಡೆಗೊಡುವುದು ಇದರಿಂದಲೇ ಎಂದು ನನ್ನ ಎಣಿಕೆ. ಟೆನರಿನ ಮಂದ್ರದ ಗಾಂಭೀರ್ಯವೇನೋ ಆಲ್ಟೊವಿಗೆ ದಕ್ಕುವಂತಹುದಲ್ಲ.

ಹಳೆಯ ವಾದ್ಯಗಳ ಬೆಲೆ ಏರಿರುವುದು ಲೋಹ ಮಾಗಿದೆಯೆಂಬ ನಂಬಿಕೆಯಿಂದ. ಅಮೆರಿಕದ ಕಾನ್ ಸಂಸ್ಥೆಯವು, 1954ರಲ್ಲಿ ಹೊರಬಂದ ಪ್ಯಾರಿಸ್ಸಿನ ಸೆಲ್ಮರ್ ‘ಮಾರ್ಕ್ ಆರು’ ಮೊದಲಾದವು ಉತ್ತಮ ವಾದ್ಯಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಾದವನ್ನು ಹೆಚ್ಚಾಗಿ ನಿರ್ಧರಿಸುವುವು ಕೊಳವೆಯ ಆಕಾರ, ರೀಡು, ಮೌತ್‌ಪೀಸಿನ ಒಳಗೂಡು. ಹಿತ್ತಾಳೆಯ ವಯಸ್ಸಿಗೆ ಅಷ್ಟು ಪ್ರಾಧಾನ್ಯವಿಲ್ಲ. ಹಿಂದಿನ ಮೌತ್‌ಪೀಸುಗಳ ಒಳಗೂಡು ಸಾಮಾನ್ಯವಾಗಿ ವಿಶಾಲ, ದುಂಡು, ನಾದ ಮೃದು. ಅದನ್ನು ತೆಗೆದು ಇಕ್ಕಟ್ಟಾದ ಹೊಸದನ್ನು ತೊಡಿಸಿದರೆ ಕೊಂಡವನು ಬಯಸಿದ ಹಳೆಯ ನಾದವೇ ಮರೆಯಾಗುತ್ತದೆ.

ಕೊಳ್ಳುವವರು ನಾದಕ್ಕಿಂತ ಮೊದಲು ಶ್ರುತಿಯನ್ನು ನೋಡತಕ್ಕದ್ದು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ತಯಾರಕರು ‘ಎ’ ಸ್ವರಕ್ಕೆ 440 ಕಂಪನಗಳ ವಾದ್ಯಗಳ ಜೊತೆಗೆ 457ರವನ್ನೂ ಮಾಡುತ್ತಿದ್ದರು. ವ್ಯತ್ಯಾಸ ಅರ್ಧಸ್ವರದ ಸುಮಾರು ಮೂರರಲ್ಲಿ ಎರಡು ಪಾಲು. ಮೌತ್‌ಪೀಸನ್ನು ಹೊರಗೆಳೆದರೆ ಶ್ರುತಿ ಇಳಿಯುತ್ತದೆ, ಆದರೆ ಎಲ್ಲ ಸ್ವರಗಳಲ್ಲಿಯೂ ಸಮನಾಗಿ ಅಲ್ಲ. ತಂಬೂರಿಯೊಡನೆ ಒಂಟಿಯಾಗಿ ನುಡಿಸುವವರಿಗೆ, ತಂತಿಯನ್ನೇ ಅದಕ್ಕೆ ಹೊಂದಿಸಬಹುದಾದುದರಿಂದ, ಇದು ಅಡ್ಡಿಯಲ್ಲ; ಮೇಳದಲ್ಲಿ 440ರ ಟೆನರಿನ ಪಕ್ಕಕ್ಕೆ 457ರ ಆಲ್ಟೊ ನಿಂತರೆ ಮಾತ್ರ ಎರಡೂ ಎಂದಿಗೂ ಕೂಡುವುದಿಲ್ಲ.